ಉದ್ಯಮ ಪ್ರಾಯೋಜಿತ ವಿದ್ಯಾರ್ಥಿ ಪ್ರಾಜೆಕ್ಟುಗಳ ಆಯ್ಕೆ: ತಂತ್ರಾಂಶ ಶಿಕ್ಷಣ ಮತ್ತು ಕನ್ನಡ ವಿಭಾಗಗಳು

1. ಪ್ರವೇಶ

ತಂತ್ರಾಂಶ ಇಂಜಿನಿಯರಿಂಗ್ ವ್ಯಾಸಂಗದಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆ ಉಳಿದ ಪತ್ರಿಕೆಗಳಿಗಿಲ್ಲದ ಸ್ಥಾನವಿದೆ. ಬೇರೆ ಪತ್ರಿಕೆಗಳಲ್ಲಿ ಪ್ರಶ್ನೆಯನ್ನು ಅಧ್ಯಾಪಕರು ಕೊಡುತ್ತಾರೆ. ಅದಕ್ಕೊಂದು ಉತ್ತರವಿದೆಯೆಂಬುದು ಮೊದಲೇ ಗೊತ್ತಿರುತ್ತದೆ. ಪ್ರಾಜೆಕ್ಟಿನಲ್ಲಿ ಪ್ರಶ್ನೆ ಯಾವುದೆಂಬುದನ್ನೇ ವಿದ್ಯಾರ್ಥಿ ಕಂಡುಕೊಳ್ಳಬೇಕಾಗುತ್ತದೆ. ಕೆಲಸ ಮಾಡಿಸುವವರು ತಮಗೆ ಬೇಕಾದುದನ್ನು ಸ್ಪಷ್ಟವಾಗಿ ಹೇಳಲಾರರು. ಹೇಳಿದುದು ತಿಂಗಳೊಪ್ಪತ್ತಿನಲ್ಲಿ ಬದಲಾಗುತ್ತದೆ. ಒಬ್ಬ ಬರೆದ ಭಾಗ ಇನ್ನೊಬ್ಬ ಬರೆದ ಭಾಗದೊಡನೆ ಹೊಂದುವುದಿಲ್ಲ. ಈ ತೊಡಕುಗಳನ್ನು ಎದುರಿಸುವುದೇ ತಂತ್ರಾಂಶ ಇಂಜಿನಿಯರಿಂಗಿನ ಕಲಿಕೆ. ಆದ್ದರಿಂದ ಪ್ರಾಜೆಕ್ಟಿನ ಆಯ್ಕೆಯನ್ನು ಕಲಿಕೆಗೆ ಮುನ್ನ ಮುಗಿಸಿಬಿಡಬೇಕಾದ ಕಚೇರಿ ವ್ಯವಹಾರವೆಂದು ಭಾವಿಸದೆ, ಕಲಿಕೆಯ ಮೊದಲ ಹಂತವೆಂದೇ ಪರಿಗಣಿಸಬೇಕಾಗುತ್ತದೆ.

ಆದರೆ ವಾಸ್ತವದಲ್ಲಿ ಈ ಹಂತಕ್ಕೆ ದೊರೆಯುವ ಗಮನ ಅತ್ಯಲ್ಪ. ಗ್ರಂಥಾಲಯ ನಿರ್ವಹಣೆ, ಹಾಜರಾತಿ ದಾಖಲೆ, ಆಸ್ಪತ್ರೆಯ ರೋಗಿಗಳ ಪಟ್ಟಿ ಮೊದಲಾದ ಸಿದ್ಧ ವಿಷಯಗಳು ವರ್ಷದಿಂದ ವರ್ಷಕ್ಕೆ ಹೊಸ ಹೆಸರಿನಲ್ಲಿ ಮರಳಿ ಬರುತ್ತವೆ. ನಗರಗಳಲ್ಲಿ ಹಣ ತೆತ್ತು ಸಿದ್ಧ ಪ್ರಾಜೆಕ್ಟನ್ನು ವರದಿ ಸಮೇತ ಕೊಂಡುತರುವ ಪರಿಪಾಠವೂ ಇದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ ಇಂತಹ ಪರಿಚಿತ ವಿಷಯಗಳಿಗೆ ಬೇಕಾದ ಪ್ರೋಗ್ರಾಮನ್ನು ಬರೆಸಿಕೊಳ್ಳಲು ಹಣವನ್ನೂ ತೆರಬೇಕಾಗಿಲ್ಲ. ಪ್ರೋಗ್ರಾಮು ಬರೆಯುವ ಶ್ರಮ ಕಡಿಮೆಯಾದಷ್ಟೂ, ಯಾವುದನ್ನು ಬರೆಯಬೇಕು, ಬರೆದದ್ದು ಸರಿಯೆಂದು ಯಾರು ಹೇಗೆ ನಿರ್ಧರಿಸಬೇಕು ಎಂಬ ಪ್ರಶ್ನೆಗಳ ತೂಕ ಹೆಚ್ಚುತ್ತದೆ. ನಿಜವಾದ ಅಗತ್ಯವುಳ್ಳ ಹೊರಗಿನ ಸಂಸ್ಥೆಯೊಂದು ಪ್ರಾಯೋಜಿಸುವ ಪ್ರಾಜೆಕ್ಟಿನ ಮಹತ್ವ ಇರುವುದು ಇಲ್ಲಿ.

ಈ ವಿಷಯ ಕನ್ನಡ ಅಧ್ಯಾಪಕರಿಗೂ ಸಂಶೋಧಕರಿಗೂ ಎರಡು ಕಾರಣಗಳಿಂದ ಸಂಬಂಧಿಸಿದ್ದು. ಮೊದಲನೆಯದು, ಶಾಸನ, ನಿಘಂಟು, ಹಸ್ತಪ್ರತಿ ಸೂಚಿ, ಹಳೆಯ ಸಂಚಿಕೆಗಳು ಮೊದಲಾದವುಗಳ ಗಣಕೀಕರಣದ ಬೇಡಿಕೆ ಹಿಡಿದು ಇಂಜಿನಿಯರಿಂಗ್ ವಿಭಾಗಗಳ ಬಾಗಿಲಿಗೆ ಹೋಗುವವರಲ್ಲಿ ಕನ್ನಡ ವಿಭಾಗಗಳೂ ಇವೆ. ಎರಡನೆಯದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕನ್ನಡವೂ ಒಂದು ಪತ್ರಿಕೆಯಾಗಿರುವುದರಿಂದ, ಇಂಜಿನಿಯರಿಂಗ್ ಕಾಲೇಜುಗಳ ಒಳಗೇ ಕನ್ನಡ ಅಧ್ಯಾಪಕರಿದ್ದಾರೆ. ಹೀಗೆ ಕೆಲಸ ಕೇಳುವವರ ಬಳಗದಲ್ಲಿಯೂ ಕೆಲಸ ಕಲಿಸುವ ಸಂಸ್ಥೆಯಲ್ಲಿಯೂ ಅವರ ಉಪಸ್ಥಿತಿಯಿದೆ. ಪ್ರಾಯೋಜಿತ ಪ್ರಾಜೆಕ್ಟುಗಳ ಆಯ್ಕೆಯ ತತ್ವಗಳನ್ನು ವಿವೇಚಿಸಿ, ಅವು ಕನ್ನಡದ ಕೆಲಸಕ್ಕೆ ಹೇಗೆ ಅನ್ವಯಿಸುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಹಿನ್ನೆಲೆ

'ತಂತ್ರಾಂಶ ಇಂಜಿನಿಯರಿಂಗ್' ಎಂಬ ಹೆಸರು ವ್ಯಾಪಕವಾಗಿ ಬಳಕೆಗೆ ಬಂದದ್ದು 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನೇಟೋ ಸಮ್ಮೇಳನದಿಂದ. ದೊಡ್ಡ ತಂತ್ರಾಂಶಗಳು ಗೊತ್ತಾದ ಅವಧಿಯಲ್ಲಿ, ಗೊತ್ತಾದ ವೆಚ್ಚದಲ್ಲಿ ಸಿದ್ಧವಾಗುತ್ತಿಲ್ಲ ಎಂಬ ಆತಂಕ ಅದರ ಹಿಂದಿತ್ತು. ಪ್ರೋಗ್ರಾಮು ಬರೆಯುವ ಕೌಶಲವೊಂದೇ ಸಾಲದು, ಕೆಲಸವನ್ನು ಅಳೆಯುವ, ಹಂಚುವ, ಒಪ್ಪಿಸುವ ಶಿಸ್ತೂ ಬೇಕು ಎಂಬ ಅರಿವು ಆಗ ಮೂಡಿತು. ಈ ಶಿಸ್ತನ್ನು ತರಗತಿಯಲ್ಲಿ ಬೋಧಿಸುವುದಕ್ಕೆ ಒಂದು ಮಿತಿ ಇದೆ. ಹೊರಗಿನವರ ಕೆಲಸವನ್ನು ಒಳಗೆ ತಂದು ಮಾಡಿಸುವ ಪ್ರಯೋಗಗಳು ಹುಟ್ಟಿದ್ದು ಈ ಮಿತಿಯನ್ನು ದಾಟುವುದಕ್ಕಾಗಿ.

ಅಮೆರಿಕದ ಹಾರ್ವೆ ಮಡ್ ಕಾಲೇಜು 1963ರಲ್ಲಿಯೇ 'ಕ್ಲಿನಿಕ್' ಎಂಬ ಹೆಸರಿನ ಕಾರ್ಯಕ್ರಮವನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಆರಂಭಿಸಿತು. ವೈದ್ಯಕೀಯ ವಿದ್ಯಾರ್ಥಿ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುವಂತೆ, ಇಂಜಿನಿಯರಿಂಗ್ ವಿದ್ಯಾರ್ಥಿ ಉದ್ಯಮದ ನಿಜವಾದ ಸಮಸ್ಯೆಯ ಬಳಿ ನಿಂತು ಕಲಿಯಬೇಕೆಂಬುದು ಈ ಹೆಸರಿನ ಇಂಗಿತ. ಪ್ರಾಯೋಜಕ ಸಂಸ್ಥೆ ಶುಲ್ಕ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿ ತಂಡದೊಡನೆ ನಿರಂತರ ಸಂಪರ್ಕದಲ್ಲಿರಲು ತನ್ನವರಲ್ಲಿ ಒಬ್ಬರನ್ನು ನಿಯೋಜಿಸುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1989ರಲ್ಲಿ ಆರಂಭಿಸಿದ ತಂತ್ರಾಂಶ ಇಂಜಿನಿಯರಿಂಗ್ ಸ್ನಾತಕೋತ್ತರ ಶಿಕ್ಷಣದಲ್ಲಿಯೂ ಹೊರಗಿನ ಗ್ರಾಹಕರಿಗಾಗಿ ಮಾಡುವ 'ಸ್ಟುಡಿಯೋ' ಪ್ರಾಜೆಕ್ಟಿಗೆ ಕೇಂದ್ರಸ್ಥಾನ ದೊರೆಯಿತು.

ಭಾರತದಲ್ಲಿ ಪಿಲಾನಿಯ ಬಿರ್ಲಾ ತಾಂತ್ರಿಕ ಸಂಸ್ಥೆ 1973ರಲ್ಲಿ 'ಪ್ರಾಕ್ಟೀಸ್ ಸ್ಕೂಲ್' ಪದ್ಧತಿಯನ್ನು ಜಾರಿಗೆ ತಂದಿತು. ಅಲ್ಲಿ ಕೆಲಸ ಕಾಲೇಜಿಗೆ ಬರುವುದರ ಬದಲು ವಿದ್ಯಾರ್ಥಿಯೇ ಉದ್ಯಮದ ಸ್ಥಳಕ್ಕೆ ಹೋಗುತ್ತಾನೆ. ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ನಡೆಸಿಕೊಂಡು ಬಂದಿರುವ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ಇನ್ನೊಂದು ಬಗೆಯದು. ಇಂಜಿನಿಯರಿಂಗ್ ಕಾಲೇಜುಗಳಿಂದ ಪ್ರಸ್ತಾವಗಳನ್ನು ಆಹ್ವಾನಿಸಿ, ಪರಿಶೀಲಿಸಿ, ಆಯ್ದವುಗಳಿಗೆ ಧನಸಹಾಯ ನೀಡುವ ಕ್ರಮ ಇಲ್ಲಿದೆ. ಉದ್ಯಮದ ಬದಲು ಸಾರ್ವಜನಿಕ ಸಂಸ್ಥೆಯೊಂದು ಪ್ರಾಯೋಜಕನಾಗಬಲ್ಲುದು ಎಂಬುದಕ್ಕೆ ಇದು ನಾಡಿನೊಳಗಿನ ನಿದರ್ಶನ.

ಈ ಚರ್ಚೆಗೆ ಎಲ್ಲಕ್ಕಿಂತ ಹತ್ತಿರವಾದ ಪ್ರಯೋಗ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. ತಂತ್ರಾಂಶದ ವೆಚ್ಚವನ್ನು ಅಂದಾಜು ಮಾಡುವ ವಿಧಾನಗಳಿಂದ ಹೆಸರಾದ ಬ್ಯಾರಿ ಬೋಮ್ (1935-2022) ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 1996ರಿಂದ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೇ ಗ್ರಾಹಕನನ್ನಾಗಿ ಮಾಡಿಕೊಟ್ಟರು. ಚಿತ್ರ, ಧ್ವನಿ, ಹಳೆಯ ದಾಖಲೆಗಳ ಸಂಗ್ರಹಗಳನ್ನು ಗಣಕದಲ್ಲಿ ಒದಗಿಸುವ ಕೆಲಸಗಳು ಗ್ರಂಥಪಾಲಕರಿಂದ ಬಂದವು. ಮೊದಲ ಸೆಮಿಸ್ಟರಿನಲ್ಲಿ ತಂಡಗಳು ಅಗತ್ಯವನ್ನು ಅರಿತು ವಿನ್ಯಾಸ ರೂಪಿಸಿದವು. ಎರಡನೆಯ ಸೆಮಿಸ್ಟರಿನಲ್ಲಿ ಅವುಗಳಲ್ಲಿ ಕೆಲವನ್ನು ಮಾತ್ರ ಆರಿಸಿಕೊಂಡು ಕಟ್ಟಲಾಯಿತು. ಮುಂದೆ ನೆರೆಹೊರೆಯ ಸೇವಾಸಂಸ್ಥೆಗಳೂ ಗ್ರಾಹಕರಾದವು. ಗ್ರಂಥಪಾಲಕರಿಗೆ ತಂತ್ರಾಂಶದ ಕಷ್ಟ ತಿಳಿಯದು, ವಿದ್ಯಾರ್ಥಿಗಳಿಗೆ ಗ್ರಂಥಾಲಯದ ಒಳಗು ತಿಳಿಯದು ಎಂಬುದೇ ಅಲ್ಲಿ ಎದುರಾದ ಮುಖ್ಯ ತೊಡಕು. ಇದಕ್ಕೆ ಪರಿಹಾರವಾಗಿ, ಪ್ರತಿಯೊಂದು ಬಗೆಯ ಕೆಲಸದಲ್ಲೂ ಅದನ್ನು ಹಗುರಗೊಳಿಸುವ ಅಂಶಗಳು ಯಾವುವು, ಜಟಿಲಗೊಳಿಸುವ ಅಂಶಗಳು ಯಾವುವು ಎಂಬ ಎರಡು ಪಟ್ಟಿಗಳನ್ನು ಸಿದ್ಧಪಡಿಸಿ ಎರಡೂ ಕಡೆಯವರ ಮುಂದಿಡಲಾಯಿತು. ಗ್ರಾಹಕನ ನಿರೀಕ್ಷೆಯನ್ನು ಆರಂಭದಲ್ಲಿಯೇ ಹದಕ್ಕೆ ತರುವ ಈ ಉಪಾಯ ಕನ್ನಡ ವಿಭಾಗಗಳಿಗೂ ಉಪಯುಕ್ತವಾದದ್ದು.

3. ಮೂರು ಕಡೆಯ ಹಿತಾಸಕ್ತಿ

ಪ್ರಾಯೋಜಿತ ಪ್ರಾಜೆಕ್ಟಿನಲ್ಲಿ ಮೂರು ಪಕ್ಷಗಳಿವೆ. ಪ್ರಾಯೋಜಕನಿಗೆ ಫಲಿತಾಂಶ ಬೇಕು. ಕೆಲವು ವೇಳೆ ಮುಂದೆ ಕೆಲಸಕ್ಕೆ ತೆಗೆದುಕೊಳ್ಳಬಹುದಾದ ವಿದ್ಯಾರ್ಥಿಗಳನ್ನು ಹತ್ತಿರದಿಂದ ನೋಡುವ ಅವಕಾಶವೂ ಬೇಕು. ವಿದ್ಯಾರ್ಥಿಗೆ ಅಂಕ, ಅನುಭವ, ಸಂದರ್ಶನದಲ್ಲಿ ಹೇಳಿಕೊಳ್ಳಬಹುದಾದ ಸಾಧನೆ ಬೇಕು. ವಿಶ್ವವಿದ್ಯಾಲಯಕ್ಕೆ ಪಠ್ಯಕ್ರಮದ ಉದ್ದೇಶ ಈಡೇರಬೇಕು, ಎಲ್ಲ ತಂಡಗಳಿಗೂ ಸಮಾನವಾದ ಮೌಲ್ಯಮಾಪನ ನಡೆಯಬೇಕು. ಮೂರೂ ನ್ಯಾಯವಾದ ಅಪೇಕ್ಷೆಗಳೇ. ಆದರೆ ಇವು ತಾವಾಗಿಯೇ ಒಂದಾಗುವುದಿಲ್ಲ.

ಎರಡು ವಿಪರೀತಗಳನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಸಂಸ್ಥೆಯ ದೈನಂದಿನ ವ್ಯವಹಾರವೇ ಅವಲಂಬಿಸಿರುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿದಾಗ ವಿಳಂಬವನ್ನು ಆ ಸಂಸ್ಥೆ ಸಹಿಸಲಾರದು. ಪರೀಕ್ಷೆಗಳು ಬಂದಾಗ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕೈಬಿಡಬೇಕಾಗುತ್ತದೆ. ಸಂಸ್ಥೆಯ ನೌಕರರು ಕೆಲಸವನ್ನು ಹಿಂದಕ್ಕೆ ಪಡೆದು ತಾವೇ ಮುಗಿಸುತ್ತಾರೆ. ತಂಡ ಕೊನೆಗೆ ಸಲ್ಲಿಸುವುದು ಇತರರ ಕೆಲಸದ ವರದಿಯನ್ನು. ತಡವಾದ ಪ್ರಾಜೆಕ್ಟಿಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ರಿಕ್ ಬ್ರೂಕ್ಸ್ 1975ರಲ್ಲಿಯೇ ತಮ್ಮ ಗ್ರಂಥದಲ್ಲಿ ನಿರೂಪಿಸಿದ್ದಾರೆ. ವಿದ್ಯಾರ್ಥಿ ತಂಡಕ್ಕಂತೂ ಹೊಸಬರನ್ನು ಸೇರಿಸಿಕೊಳ್ಳುವ ದಾರಿಯೇ ಇಲ್ಲ. ಇನ್ನೊಂದು ವಿಪರೀತದಲ್ಲಿ, ಯಾರಿಗೂ ಬೇಡವಾದ ಕೆಲಸವೊಂದನ್ನು ವಿಶ್ವವಿದ್ಯಾಲಯದೊಡನೆ ಸೌಹಾರ್ದಕ್ಕಾಗಿ ಸಂಸ್ಥೆ ಕೊಟ್ಟಿರುತ್ತದೆ. ತಂಡದ ಪ್ರಶ್ನೆಗಳಿಗೆ ಉತ್ತರಿಸುವವರಿಲ್ಲ, ಮುಗಿದುದನ್ನು ನೋಡುವವರಿಲ್ಲ. ಹೆಸರಿಗೆ ಮಾತ್ರ ಪ್ರಾಯೋಜಕನಿರುವ ಇಂತಹ ಪ್ರಾಜೆಕ್ಟಿಗೂ ಪುಸ್ತಕದಿಂದ ಆಯ್ದ ವಿಷಯಕ್ಕೂ ವ್ಯತ್ಯಾಸವಿಲ್ಲ.

ಆದ್ದರಿಂದ ಆಯ್ಕೆಗೆ ಅರ್ಹವಾದ ಕೆಲಸ ಈ ಎರಡರ ನಡುವೆ ಇರುತ್ತದೆ. ಅದು ನಿಜವಾಗಿ ಒಬ್ಬರಿಗೆ ಬೇಕಾಗಿರಬೇಕು. ಆದರೆ ತಡವಾದರೆ ಅಥವಾ ವಿಫಲವಾದರೆ ಅವರಿಗೆ ಹಾನಿಯಾಗುವಂತಿರಬಾರದು. ತಪ್ಪಿ ತಿದ್ದಿಕೊಳ್ಳಲು ವಿದ್ಯಾರ್ಥಿಗೆ ಅವಕಾಶ ಉಳಿಯುವುದು ಇಂತಹ ಕೆಲಸದಲ್ಲಿ ಮಾತ್ರ. ಮುಂದೆ ಹೇಳುವ ಮಾನದಂಡಗಳೆಲ್ಲವೂ ಈ ಒಂದು ತತ್ವದ ವಿಸ್ತರಣೆಗಳೇ ಆಗಿವೆ.

4. ಆಯ್ಕೆಯ ಮಾನದಂಡಗಳು

ಮೊದಲನೆಯದು ವ್ಯಕ್ತಿ. ಪ್ರಸ್ತಾವದ ವಿಷಯಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಪ್ರಾಯೋಜಕ ಸಂಸ್ಥೆಯ ಪರವಾಗಿ ತಂಡದೊಡನೆ ವಾರಕ್ಕೊಮ್ಮೆಯಾದರೂ ಕುಳಿತು ಮಾತನಾಡುವವರು ಯಾರು ಎಂಬುದು. ಅವರಿಗೆ ಕೆಲಸದ ಒಳಗು ತಿಳಿದಿರಬೇಕು. 'ಇದು ಬೇಕು, ಅದು ಬೇಡ' ಎಂದು ನಿರ್ಧರಿಸುವ ಅಧಿಕಾರವೂ ಇರಬೇಕು. ಮುಖ್ಯಸ್ಥರ ಸಹಿ ಇದ್ದು ಈ ವ್ಯಕ್ತಿಯ ಹೆಸರಿಲ್ಲದ ಪ್ರಸ್ತಾವವನ್ನು, ವಿಷಯ ಎಷ್ಟೇ ಆಕರ್ಷಕವಾಗಿದ್ದರೂ, ಕೈಬಿಡುವುದು ಲೇಸು.

ಎರಡನೆಯದು ಗಾತ್ರ. ನಾಲ್ವರು ವಿದ್ಯಾರ್ಥಿಗಳ ತಂಡ ಇತರ ಪತ್ರಿಕೆಗಳ ಜೊತೆಗೆ ವಾರಕ್ಕೆ ತಲಾ ಎಂಟು ಗಂಟೆ ದುಡಿಯುತ್ತದೆಂದು ಇಟ್ಟುಕೊಂಡರೆ, ಇಪ್ಪತ್ತು ವಾರಗಳಲ್ಲಿ ದೊರೆಯುವುದು 640 ಗಂಟೆ. ಪೂರ್ಣಾವಧಿ ನೌಕರನೊಬ್ಬನ ಸುಮಾರು ನಾಲ್ಕು ತಿಂಗಳ ದುಡಿಮೆಗೆ ಇದು ಸಮ. ಅದರಲ್ಲಿಯೂ ಹೊಸ ಉಪಕರಣಗಳನ್ನು ಕಲಿಯುವುದಕ್ಕೆ, ವರದಿ ಬರೆಯುವುದಕ್ಕೆ ಗಣನೀಯ ಭಾಗ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಕೆಲಸದ ಒಟ್ಟು ಗಾತ್ರಕ್ಕಿಂತಲೂ ಅದನ್ನು ಸ್ವತಂತ್ರವಾಗಿ ಉಪಯುಕ್ತವಾಗುವ ತುಂಡುಗಳಾಗಿ ಒಡೆಯಲು ಬರುತ್ತದೆಯೇ ಎಂಬುದು ಮುಖ್ಯ. ಮೊದಲ ತುಂಡು ಮಾತ್ರ ಮುಗಿದರೂ ಪ್ರಾಯೋಜಕನಿಗೆ ಪ್ರಯೋಜನ ದೊರೆಯುವಂತಿದ್ದರೆ ಅಂತಹ ಪ್ರಸ್ತಾವ ಸುರಕ್ಷಿತವಾದದ್ದು.

ಮೂರನೆಯದು ಕಲಿಕೆಯ ಸತ್ವ. ಅಗತ್ಯವನ್ನು ಅರಿಯುವುದು, ವಿನ್ಯಾಸದಲ್ಲಿ ಪರ್ಯಾಯಗಳನ್ನು ತೂಗುವುದು, ಪರೀಕ್ಷಿಸುವುದು, ಒಪ್ಪಿಸುವುದು ಎಂಬ ಎಲ್ಲ ಹಂತಗಳಿಗೂ ಅಲ್ಲಿ ಆಸ್ಪದವಿರಬೇಕು. ಸಿದ್ಧ ತಂತ್ರಾಂಶವೊಂದನ್ನು ಅಳವಡಿಸುವುದು ಪ್ರಾಯೋಜಕನಿಗೆ ಬಹಳ ಉಪಯುಕ್ತವಾಗಿರಬಹುದು. ಆದರೆ ಅದರಲ್ಲಿ ತೀರ್ಮಾನಿಸಬೇಕಾದದ್ದು ಕಡಿಮೆ. ಇದಕ್ಕೆ ವಿರುದ್ಧವಾಗಿ, ಉತ್ತರವೇ ಗೊತ್ತಿಲ್ಲದ ಸಂಶೋಧನಾ ಪ್ರಶ್ನೆಯಲ್ಲಿ ಇಂಜಿನಿಯರಿಂಗ್ ಶಿಸ್ತಿಗೆ ಹಿಡಿತ ಸಿಗುವುದಿಲ್ಲ. ಪಿಎಚ್.ಡಿ.ಗೆ ತಕ್ಕ ವಿಷಯ ಅಂತಿಮ ವರ್ಷದ ಪ್ರಾಜೆಕ್ಟಿಗೂ ತಕ್ಕದ್ದೆಂದು ಭಾವಿಸುವುದು ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು.

ನಾಲ್ಕನೆಯದು ಸಾಮಗ್ರಿ. ಕೆಲಸಕ್ಕೆ ಬೇಕಾದ ದತ್ತಾಂಶ ಮೊದಲ ವಾರದಲ್ಲಿಯೇ ಕೈಗೆ ಸಿಗಬೇಕು. 'ಅನುಮತಿ ಸಿಕ್ಕ ನಂತರ ಕೊಡುತ್ತೇವೆ' ಎಂಬ ಆಶ್ವಾಸನೆಯ ಮೇಲೆ ಆರಂಭವಾದ ಪ್ರಾಜೆಕ್ಟು ಬಹುಪಾಲು ಕೃತಕ ದತ್ತಾಂಶದಲ್ಲಿ ಮುಗಿಯುತ್ತದೆ. ದತ್ತಾಂಶದಲ್ಲಿ ವ್ಯಕ್ತಿಗಳ ವೈಯಕ್ತಿಕ ವಿವರಗಳಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯನ್ನೂ ಯೋಚಿಸಬೇಕು.

ಐದನೆಯದು ಒಡೆತನ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಖ್ಯೆಯಂತೆ ಗಣಕ ಪ್ರೋಗ್ರಾಮು 'ಸಾಹಿತ್ಯ ಕೃತಿ'ಗಳ ವರ್ಗಕ್ಕೆ ಸೇರುತ್ತದೆ. ಕೃತಿಯ ಮೊದಲ ಒಡೆಯ ಸಾಮಾನ್ಯವಾಗಿ ಕರ್ತೃವೇ. ನೌಕರಿಯ ಕರಾರಿನಡಿ ಬರೆದದ್ದು ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿ ಕೊಟ್ಟವರಿಗೆ ಸೇರುತ್ತದೆ. ವಿದ್ಯಾರ್ಥಿ ಪ್ರಾಯೋಜಕನ ನೌಕರನಲ್ಲ. ಹಕ್ಕನ್ನು ವರ್ಗಾಯಿಸಬೇಕಾದರೆ ಸಹಿ ಮಾಡಿದ ಬರಹ ಬೇಕು. ಈ ಸಂಗತಿಯನ್ನು ಮೊದಲೇ ಇತ್ಯರ್ಥ ಮಾಡದಿದ್ದರೆ, ತಂತ್ರಾಂಶವನ್ನು ಬಳಸುವ ಹಕ್ಕು ಪ್ರಾಯೋಜಕನಿಗೂ, ತಾನು ಬರೆದುದನ್ನು ಸಂದರ್ಶನದಲ್ಲಿ ತೋರಿಸುವ ಹಕ್ಕು ವಿದ್ಯಾರ್ಥಿಗೂ ಅನಿಶ್ಚಿತವಾಗುತ್ತವೆ. ಪರೀಕ್ಷಕರಿಗೂ ತೋರಿಸಬಾರದೆಂಬ ಗೋಪ್ಯತೆಯ ಷರತ್ತು ಹಾಕುವ ಪ್ರಾಯೋಜಕನ ಕೆಲಸ ಮೌಲ್ಯಮಾಪನಕ್ಕೇ ಒದಗುವುದಿಲ್ಲವಾದ್ದರಿಂದ ಅದನ್ನು ಒಪ್ಪಲಾಗದು.

ಆರನೆಯದು ಪ್ರಾಜೆಕ್ಟಿನ ಅನಂತರದ ಬಾಳು. ಮೇ ಅಥವಾ ಜೂನ್ ತಿಂಗಳಲ್ಲಿ ತಂಡ ಚದುರಿಹೋಗುತ್ತದೆ. ತಂತ್ರಾಂಶದ ದೋಷಗಳನ್ನು ಆಮೇಲೆ ಸರಿಪಡಿಸುವವರು ಯಾರು, ಸೋರ್ಸ್ ಕೋಡು ಯಾರ ವಶದಲ್ಲಿರುತ್ತದೆ, ದಾಖಲೆ ಯಾವ ಭಾಷೆಯಲ್ಲಿರುತ್ತದೆ ಎಂಬುದಕ್ಕೆ ಪ್ರಸ್ತಾವದಲ್ಲಿಯೇ ಉತ್ತರವಿರಬೇಕು.

ಈ ಆರನ್ನೂ ಒಂದೊಂದಕ್ಕೆ ಹತ್ತು ಅಂಕಗಳಂತೆ ಇಟ್ಟು ಕೂಡಿಸುವ ಪದ್ಧತಿ ಸುಲಭವಾಗಿ ತೋರುತ್ತದೆ. ಆದರೆ ಕೂಡುವಿಕೆಯಲ್ಲಿ ಒಂದು ಅಪಾಯವಿದೆ. ಸಂಪರ್ಕ ವ್ಯಕ್ತಿಯೇ ಇಲ್ಲದ ಪ್ರಸ್ತಾವ ಆ ಅಂಶದಲ್ಲಿ ಸೊನ್ನೆ ಪಡೆದರೂ ಉಳಿದ ಐದರಲ್ಲಿ ಹೆಚ್ಚು ಅಂಕ ಗಳಿಸಿ ಪಟ್ಟಿಯ ಮೇಲಕ್ಕೆ ಬರಬಹುದು. ವ್ಯಕ್ತಿ, ಸಾಮಗ್ರಿ, ಒಡೆತನ ಇವು ಮೂರೂ ಹೊಸ್ತಿಲುಗಳು. ಇವುಗಳಲ್ಲಿ ಒಂದನ್ನು ದಾಟದ ಪ್ರಸ್ತಾವ ಒಳಗೆ ಬರಬಾರದು. ದಾಟಿ ಬಂದವುಗಳನ್ನು ಗಾತ್ರ, ಕಲಿಕೆಯ ಸತ್ವ, ಅನಂತರದ ಬಾಳು ಎಂಬ ಅಂಶಗಳಲ್ಲಿ ಹೋಲಿಸಿ ನೋಡುವುದು ಉಚಿತ.

5. ಕನ್ನಡದ ಕೆಲಸ: ಮೂರು ಪ್ರಸ್ತಾವಗಳ ಪರಿಶೀಲನೆ

ಈ ಮಾನದಂಡಗಳನ್ನು ಕನ್ನಡ ವಿಭಾಗವೊಂದು ಮುಂದಿಡಬಹುದಾದ ಮೂರು ಕಲ್ಪಿತ ಪ್ರಸ್ತಾವಗಳಿಗೆ ಅನ್ವಯಿಸಿ ನೋಡಬಹುದು.

ಮೊದಲನೆಯ ಪ್ರಸ್ತಾವ, ಹಳಗನ್ನಡ ಕಾವ್ಯವನ್ನು ಹೊಸಗನ್ನಡಕ್ಕೆ ತಾನಾಗಿ ಪರಿವರ್ತಿಸುವ ತಂತ್ರಾಂಶ. ವಿಷಯ ಆಕರ್ಷಕವಾಗಿದೆ. ಆದರೆ ಸಂಧಿಯನ್ನು ಬಿಡಿಸುವುದು, ಸಮಾಸವನ್ನು ಗುರುತಿಸುವುದು, ಪಾಠಾಂತರಗಳಲ್ಲಿ ಒಂದನ್ನು ಆರಿಸುವುದು, ಶ್ಲೇಷೆಯ ಎರಡು ಅರ್ಥಗಳನ್ನು ಹಿಡಿಯುವುದು ಇವೆಲ್ಲ ಒಂದೊಂದೂ ಪ್ರತ್ಯೇಕ ಸಂಶೋಧನೆಯ ವಿಷಯಗಳು. ಫಲಿತಾಂಶ ಸರಿಯೆಂದು ಹೇಳುವುದರಲ್ಲಿ ವಿದ್ವಾಂಸರೇ ಒಮ್ಮತಕ್ಕೆ ಬರಲಾರರು. ಬೋಮ್ ಅವರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಜಟಿಲಗೊಳಿಸುವ ಅಂಶಗಳೇ ತುಂಬಿವೆ. ಎರಡನೆಯ ಪ್ರಸ್ತಾವ ವಿಭಾಗಕ್ಕೊಂದು ಜಾಲತಾಣ. ಅಧ್ಯಾಪಕರ ಭಾವಚಿತ್ರ, ಪಠ್ಯಕ್ರಮ, ಪ್ರಕಟಣೆಗಳ ಪಟ್ಟಿಗಳನ್ನು ಒಳಗೊಂಡ ಈ ಕೆಲಸ ಸಿದ್ಧ ಉಪಕರಣಗಳಿಂದ ಕೆಲವೇ ದಿನಗಳಲ್ಲಿ ಆಗುವಂಥದು. ಕಲಿಕೆಯ ಸತ್ವ ಅದರಲ್ಲಿ ಅಲ್ಪ. ಎರಡನ್ನೂ ಬೇರೆ ಬೇರೆ ಕಾರಣಗಳಿಗಾಗಿ ಬಿಡಬೇಕಾಗುತ್ತದೆ.

ಮೂರನೆಯ ಪ್ರಸ್ತಾವ ಹೆಚ್ಚು ವಿವೇಚನೆಗೆ ಅರ್ಹವಾದದ್ದು: ವಿಭಾಗದ ನಿಯತಕಾಲಿಕದ ಹಳೆಯ ಸಂಚಿಕೆಗಳ ಗಣಕ ಕಡತಗಳನ್ನು ಯುನಿಕೋಡಿಗೆ ತಂದು, ಹುಡುಕಲು ಬರುವಂತೆ ಮಾಡುವುದು. 1990ರ ದಶಕದ ಕೊನೆಯಿಂದ ಕನ್ನಡ ಮುದ್ರಣದಲ್ಲಿ ವ್ಯಾಪಕವಾಗಿ ಬಳಕೆಯಾದ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಅಕ್ಷರದ ಬದಲು ಅಕ್ಷರದ ತುಂಡುಗಳಿಗೆ ಸಂಖ್ಯೆಗಳನ್ನು ಕೊಡಲಾಗಿತ್ತು. ನುಡಿಯ ಹಳೆಯ ವಿನ್ಯಾಸದಲ್ಲಿ ಇಂಗ್ಲಿಷಿನ 'ಪಿ' ಅಕ್ಷರದ ಸ್ಥಾನದಲ್ಲಿಯೇ ಕನ್ನಡದ ಕಕಾರದ ಮೈ ಕುಳಿತಿರುತ್ತದೆ. ತಲೆಕಟ್ಟಿಗೆ ಪ್ರತ್ಯೇಕವಾದ ಸಂಖ್ಯೆ. ತೆರೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಅದು ಕನ್ನಡವಲ್ಲ. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಯುನಿಕೋಡಿನ ಮೊದಲ ಆವೃತ್ತಿ (1991) ಕನ್ನಡ ಲಿಪಿಗೆ ಪ್ರತ್ಯೇಕ ಸ್ಥಾನ ನೀಡಿದ್ದರೂ ಮುದ್ರಣದ ಕೆಲಸ ಬಹುಕಾಲ ಹಳೆಯ ವಿನ್ಯಾಸಗಳಲ್ಲಿಯೇ ಮುಂದುವರಿಯಿತು.

ಈ ಕಡತಗಳನ್ನು ಪರಿವರ್ತಿಸುವ ಉಪಕರಣಗಳು ಈಗಾಗಲೇ ಇವೆ. ಆದ್ದರಿಂದ 'ಪರಿವರ್ತಕವನ್ನು ರಚಿಸುವುದು' ಎಂದು ಪ್ರಸ್ತಾವವನ್ನು ಬರೆದರೆ ಆದ ಕೆಲಸವನ್ನೇ ಮತ್ತೆ ಮಾಡಿದಂತಾಗುತ್ತದೆ. ಪರಿವರ್ತನೆಯ ಅನಂತರ ಉಳಿಯುವ ದೋಷಗಳಲ್ಲಿ ನಿಜವಾದ ಸಮಸ್ಯೆಯಿದೆ. 'ಧರ್ಮ' ಎಂಬ ಪದವನ್ನು ತೆಗೆದುಕೊಳ್ಳಬಹುದು. ಹಳೆಯ ಕಡತದಲ್ಲಿ ಅರ್ಕಾವೊತ್ತಿನ ತುಂಡು, ಕಣ್ಣಿಗೆ ಕಾಣುವ ಕ್ರಮದಲ್ಲಿ, ಮಕಾರದ ಅನಂತರ ಇರುತ್ತದೆ; ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರೇಫವೇ ಮೊದಲು ಬರಬೇಕು. ಗುಣಿತವೂ ಒತ್ತಕ್ಷರವೂ ಕೂಡಿಬಂದಲ್ಲಿ ಈ ಸ್ಥಾನಪಲ್ಲಟ ತಪ್ಪುವ ಸಂಭವ ಹೆಚ್ಚು. ಲೇಖನದ ನಡುವೆ ಬಂದ ಇಂಗ್ಲಿಷ್ ಪದಗಳೂ ಅದೇ ಸಂಖ್ಯೆಗಳನ್ನು ಹಂಚಿಕೊಂಡಿರುವುದರಿಂದ ಅವು ನಿರರ್ಥಕ ಕನ್ನಡವಾಗಿ ಮಾರ್ಪಡುತ್ತವೆ.

ಯುನಿಕೋಡಿನೊಳಗೂ ತೊಡಕುಗಳಿವೆ. 'ಸಾಫ್ಟ್‌ವೇರ್' ಎಂಬ ಪದದಲ್ಲಿ ಟಕಾರದ ಕೆಳಗೆ ವಕಾರ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ನಡುವೆ ಇಡಬೇಕಾಗುತ್ತದೆ. ಅದನ್ನು ಇಟ್ಟು ಬರೆದ ಪದ ಇಡದೆ ಹುಡುಕಿದವರಿಗೆ ಸಿಗದಿರಬಹುದು. ಹಳಗನ್ನಡದ ೞಕಾರಕ್ಕೆ ಯುನಿಕೋಡಿನಲ್ಲಿ ಸ್ಥಾನವಿದ್ದರೂ ಅದರ ಅಧಿಕೃತ ಇಂಗ್ಲಿಷ್ ಹೆಸರು ತಪ್ಪಾಗಿ 'ಫ' ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ಯುನಿಕೋಡಿನ ನಿಯಮದಿಂದಾಗಿ ಆ ಹೆಸರು ಹಾಗೆಯೇ ಉಳಿದಿದೆ. ಹೆಸರನ್ನು ಮಾತ್ರ ನಂಬಿ ಕೆಲಸ ಮಾಡುವ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ. ಎಡವಿದುದನ್ನು ಕನ್ನಡ ಬಲ್ಲವರು ಮಾತ್ರ ತೋರಿಸಬಲ್ಲರು.

ಹೀಗೆ ನೋಡಿದಾಗ ಪ್ರಸ್ತಾವದ ಸರಿಯಾದ ರೂಪ ಕಾಣಿಸುತ್ತದೆ. ಲಭ್ಯವಿರುವ ಪರಿವರ್ತಕವನ್ನು ಬಳಸಿಕೊಂಡು ಸಂಚಿಕೆಗಳನ್ನು ಯುನಿಕೋಡಿಗೆ ತರುವುದು. ಸಂಶಯಾಸ್ಪದ ಪದಗಳನ್ನು ಗುರುತಿಸಿ ಪಟ್ಟಿ ಮಾಡುವುದು. ತಿದ್ದುವವರು ಮೂಲ ಪುಟದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಲು ಅನುವು ಮಾಡುವುದು. ಯಾರು ಯಾವುದನ್ನು ತಿದ್ದಿದರೆಂಬುದನ್ನು ದಾಖಲಿಸುವುದು. ಕೊನೆಗೆ ಲೇಖಕ, ಶೀರ್ಷಿಕೆ, ವಿಷಯಗಳ ಸೂಚಿಯನ್ನು ಸಿದ್ಧಪಡಿಸುವುದು. ಮೊದಲ ತುಂಡಾಗಿ ಒಂದು ವರ್ಷದ ಸಂಚಿಕೆಗಳನ್ನು ಮಾತ್ರ ತೆಗೆದುಕೊಂಡರೂ ಅದು ಸ್ವತಂತ್ರವಾಗಿ ಉಪಯುಕ್ತ. ಕಡತಗಳು ವಿಭಾಗದ ಬಳಿಯೇ ಇದ್ದರೆ ಸಾಮಗ್ರಿ ಮೊದಲ ವಾರದಲ್ಲಿ ದೊರೆಯುತ್ತದೆ. ತಡವಾದರೆ ಯಾರಿಗೂ ಹಾನಿಯಿಲ್ಲ; ಮುದ್ರಿತ ಸಂಚಿಕೆಗಳು ಕಪಾಟಿನಲ್ಲಿ ಸುರಕ್ಷಿತವಾಗಿವೆ. ಒಪ್ಪಿಗೆಯ ಪರೀಕ್ಷೆಯನ್ನೂ ಸ್ಪಷ್ಟವಾಗಿ ಹೇಳಬಹುದು: ಗೊತ್ತುಪಡಿಸಿದ ಇಪ್ಪತ್ತು ಪುಟಗಳನ್ನು ಮೂಲದೊಡನೆ ಹೋಲಿಸಿ ದೋಷಗಳನ್ನು ಎಣಿಸುವುದು, ಆಯ್ದ ಐವತ್ತು ಪದಗಳನ್ನು ಹುಡುಕಿ ಎಷ್ಟು ದೊರೆತವೆಂದು ನೋಡುವುದು. ಅಷ್ಟೇ ಅಲ್ಲದೆ, ಪ್ರಕಟಿತ ಲೇಖನಗಳ ಕೃತಿಸ್ವಾಮ್ಯ ಯಾರದೆಂಬ ಪ್ರಶ್ನೆಯನ್ನು ವಿಭಾಗ ಪ್ರಾಜೆಕ್ಟಿಗೆ ಮುಂಚೆಯೇ ಬಗೆಹರಿಸಿಕೊಂಡಿರಬೇಕು.

ಇದರಲ್ಲಿ ವಿಭಾಗದ ಪಾಲು ಕಡಿಮೆಯದೇನಲ್ಲ. ಹಣ ಕೊಡಲಾಗದಿದ್ದರೂ ಕಾಲ ಕೊಡಲೇಬೇಕು. ವಾರಕ್ಕೊಮ್ಮೆ ತಂಡದೊಡನೆ ಕುಳಿತು ಅರ್ಕಾವೊತ್ತು ಯಾವುದು, ಶಕಟರೇಫ ಯಾವುದು, ಅಕಾರಾದಿಯಲ್ಲಿ ಅನುಸ್ವಾರದ ಸ್ಥಾನ ಯಾವುದು ಎಂದು ತಿಳಿಸುವ ಅಧ್ಯಾಪಕರೊಬ್ಬರು ಬೇಕು. ಅಂಥವರು ಇಲ್ಲವೆಂದಾದರೆ ವಿಭಾಗ ಪ್ರಸ್ತಾವವನ್ನು ಕಳಿಸದಿರುವುದೇ ಉಚಿತ.

6. ಆಯ್ಕೆಯ ಕ್ರಮ ಮತ್ತು ಕೆಲವು ಆಕ್ಷೇಪಗಳು

ಆಯ್ಕೆಯ ಕೆಲಸ ಸೆಮಿಸ್ಟರು ಆರಂಭವಾಗುವುದಕ್ಕೆ ಎರಡು ತಿಂಗಳಾದರೂ ಮುಂಚೆ ತೊಡಗಬೇಕು. ಪ್ರಾಯೋಜಕರಿಂದ ಒಂದು ಪುಟದ ಪ್ರಸ್ತಾವ ಸಾಕು. ಅದರಲ್ಲಿ ತಂತ್ರಜ್ಞಾನದ ವಿವರಕ್ಕಿಂತ ಈಗ ಕೆಲಸ ಹೇಗೆ ನಡೆಯುತ್ತಿದೆ, ತೊಂದರೆ ಎಲ್ಲಿದೆ, ಅದನ್ನು ಅನುಭವಿಸುವವರು ಯಾರು ಎಂಬುದಿರಬೇಕು. ಅನಂತರ ಅಧ್ಯಾಪಕರು ಪ್ರಾಯೋಜಕರೊಡನೆ ಮಾತುಕತೆ ನಡೆಸಿ ಗಾತ್ರವನ್ನು ಇಳಿಸಬೇಕು. ವಿದ್ಯಾರ್ಥಿ ತಂಡಗಳು ಆದ್ಯತೆಯ ಕ್ರಮದಲ್ಲಿ ಮೂರು ಪ್ರಸ್ತಾವಗಳನ್ನು ಸೂಚಿಸುವ ಅವಕಾಶವಿರಬೇಕು. ಆರನೆಯ ವಾರದ ಹೊತ್ತಿಗೆ ಅಗತ್ಯದ ನಿರೂಪಣೆ ಮುಗಿದು, ಮುಂದುವರಿಯಬೇಕೋ ಬದಲಿಸಬೇಕೋ ಎಂಬ ಪುನರ್ವಿಮರ್ಶೆ ನಡೆಯಬೇಕು. ಹಾಗೆ ಬದಲಿಸುವುದನ್ನು ವಿದ್ಯಾರ್ಥಿಗಳ ಸೋಲೆಂದು ಎಣಿಸಿ ಅಂಕ ಕಳೆಯಬಾರದು. ಕೆಲಸ ಆಗದೆಂದು ಕಾರಣ ಸಮೇತ ತೋರಿಸಿಕೊಡುವುದೂ ಇಂಜಿನಿಯರಿಂಗಿನ ಒಂದು ಫಲಿತಾಂಶವೇ.

ಪ್ರಾಯೋಜಿತ ಪ್ರಾಜೆಕ್ಟುಗಳ ಬಗೆಗೆ ಕೆಲವು ಆಕ್ಷೇಪಗಳಿವೆ. ಇದು ಪುಕ್ಕಟೆ ದುಡಿಮೆ ಎಂಬುದು ಒಂದು. ಲಾಭಕ್ಕಾಗಿ ನಡೆಯುವ ಸಂಸ್ಥೆ ತನ್ನ ನಿತ್ಯದ ಕೆಲಸವನ್ನು ಹೀಗೆ ಮಾಡಿಸಿಕೊಂಡರೆ ಈ ಆಕ್ಷೇಪ ಸರಿಯಾದದ್ದೇ. ಮೇಲೆ ಹೇಳಿದ ತತ್ವ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಶುಲ್ಕ ವಿಧಿಸುವ ಪದ್ಧತಿ ಇನ್ನೂ ಬಿಗಿಯಾದ ತಡೆ. ಸಾರ್ವಜನಿಕ ಸಂಸ್ಥೆಗಳ ವಿಷಯದಲ್ಲಿ ಸೋರ್ಸ್ ಕೋಡನ್ನು ಎಲ್ಲರಿಗೂ ಮುಕ್ತವಾಗಿಸುವುದು ನ್ಯಾಯವಾದ ಪ್ರತಿಫಲ. ವಿದ್ಯಾರ್ಥಿಯ ಹೆಸರು ಅವನ ಕೃತಿಯೊಡನೆ ಉಳಿಯುತ್ತದೆ. ಇನ್ನೊಂದು ಆಕ್ಷೇಪ ಸಮಾನತೆಯದು. ಒಂದು ತಂಡಕ್ಕೆ ಸಹಕರಿಸುವ ಪ್ರಾಯೋಜಕ, ಇನ್ನೊಂದಕ್ಕೆ ಉದಾಸೀನ ಪ್ರಾಯೋಜಕ ದೊರೆತರೆ ಮೌಲ್ಯಮಾಪನ ಹೇಗೆ ನ್ಯಾಯವಾದೀತು? ಪ್ರಾಯೋಜಕನ ಮೆಚ್ಚುಗೆಗೆ ಅಲ್ಪ ಪ್ರಮಾಣದ ಅಂಕವಿಟ್ಟು, ತಂಡ ಕೈಗೊಂಡ ತೀರ್ಮಾನಗಳ ಗುಣವನ್ನು ಅಧ್ಯಾಪಕರೇ ಅಳೆಯುವುದು ಇದಕ್ಕೆ ಪರಿಹಾರ. ದೊಡ್ಡ ನಗರಗಳ ಕಾಲೇಜುಗಳಿಗೆ ಮಾತ್ರ ಉದ್ಯಮಗಳು ಹತ್ತಿರ ಎಂಬುದು ಮೂರನೆಯ ಆಕ್ಷೇಪ. ಉದ್ಯಮವೆಂದರೆ ತಂತ್ರಾಂಶ ಕಂಪನಿಯೇ ಆಗಬೇಕೆಂದು ಭಾವಿಸಿದರೆ ಮಾತ್ರ ಇದು ನಿಜ. ಜಿಲ್ಲಾ ಕೇಂದ್ರದ ಗ್ರಂಥಾಲಯ, ಸಹಕಾರ ಸಂಘ, ಮುದ್ರಣಾಲಯ, ಸ್ನಾತಕೋತ್ತರ ಕೇಂದ್ರದ ಕನ್ನಡ ವಿಭಾಗ ಇವೆಲ್ಲವೂ ನಿಜವಾದ ಅಗತ್ಯವುಳ್ಳ ಗ್ರಾಹಕರೇ.

7. ಉಪಸಂಹಾರ

ಒಟ್ಟಿನಲ್ಲಿ, ಪ್ರಾಜೆಕ್ಟಿನ ಆಯ್ಕೆಯೆಂದರೆ ವಿಷಯದ ಆಯ್ಕೆಗಿಂತ ಹೆಚ್ಚಾಗಿ ಒಂದು ಸಂಬಂಧದ ಆಯ್ಕೆ ಎಂಬುದು ಮೇಲಿನ ವಿವೇಚನೆಯಿಂದ ತಿಳಿದುಬರುತ್ತದೆ. ನಿಜವಾಗಿ ಬೇಕಾದ, ಆದರೆ ತಡವಾದರೂ ಯಾರನ್ನೂ ಕೆಡಿಸದ ಕೆಲಸ. ಪ್ರಶ್ನೆ ಕೇಳಿದಾಗ ಉತ್ತರಿಸುವ ವ್ಯಕ್ತಿ. ಕೈಗೆ ಸಿಗುವ ಸಾಮಗ್ರಿ. ಮೊದಲೇ ಇತ್ಯರ್ಥವಾದ ಒಡೆತನ ಇವು ಕೂಡಿದಲ್ಲಿ ಸಾಮಾನ್ಯ ವಿಷಯವೂ ಫಲ ಕೊಡುತ್ತದೆ. ಇವು ಇಲ್ಲದಲ್ಲಿ ಅತ್ಯಾಧುನಿಕ ವಿಷಯವೂ ವರದಿಯ ಹಾಳೆಗಳಲ್ಲಿಯೇ ಮುಗಿಯುತ್ತದೆ.

ಕನ್ನಡಕ್ಕೆ ಬೇಕಾದ ತಂತ್ರಾಂಶಗಳನ್ನು ಮಾಡುವವರಿಲ್ಲವೆಂಬ ದೂರು ಹಳೆಯದು. ಆದರೆ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿವರ್ಷವೂ ವಿದ್ಯಾರ್ಥಿಗಳು ಯಾರಿಗೂ ಬೇಡವಾದ ಹಾಜರಾತಿ ದಾಖಲೆಗಳನ್ನು ರಚಿಸಿ, ಬೈಂಡು ಮಾಡಿಸಿ, ಮರೆಯುತ್ತಿದ್ದಾರೆ. ಅವರ ಶ್ರಮ ಕನ್ನಡದ ಕಡೆಗೆ ತಿರುಗಬೇಕಾದರೆ ಕನ್ನಡ ವಿಭಾಗಗಳು ತಮ್ಮ ಬೇಡಿಕೆಯನ್ನು ಒಂದು 640 ಗಂಟೆಗಳ ಕೆಲಸವಾಗಿ, ಅಳೆಯಲು ಬರುವ ರೂಪದಲ್ಲಿ, ಬರೆದುಕೊಡುವುದನ್ನು ರೂಢಿಸಿಕೊಳ್ಳಬೇಕು. ಗ್ರಂಥಸಂಪಾದನೆಯಲ್ಲಿ ಪಾಠವನ್ನು ನಿರ್ಣಯಿಸುವ ಶಿಸ್ತು ಕನ್ನಡ ವಿದ್ವತ್ತಿಗೆ ಹೊಸದಲ್ಲ; ಅದೇ ಶಿಸ್ತನ್ನು ತಮಗೆ ಬೇಕಾದುದನ್ನು ನಿರ್ಣಯಿಸುವುದಕ್ಕೂ ಬಳಸಿದರೆ, ವಿದ್ಯಾರ್ಥಿಗೆ ಒಳ್ಳೆಯ ಪ್ರಾಜೆಕ್ಟೂ ವಿಭಾಗಕ್ಕೆ ಬಳಕೆಗೆ ಬರುವ ಉಪಕರಣವೂ ಒಟ್ಟಿಗೆ ದೊರೆಯುತ್ತವೆ.